ದನಿ ಕಳೆದುಕೊಂಡ ಕಂಪ್ಯೂಟರ್

"ಸರ್, ಕಂಪ್ಯೂಟರ್ ಆನ್ ಆಗಿದ್ಯಾ?"

ಸಹೋದ್ಯೋಗಿ ಸುಮಿತ್ರಾ ಹಾಗೆ ಕೇಳಿದಾಗ ಪರದೆ ಅವರ ಮುಖದೆದುರೇ ಬೆಳಗುತ್ತಿತ್ತು. ಅವರಿಗೆ ಕಣ್ಣು ಕಾಣುವುದಿಲ್ಲ. ಆರ್.ಟಿ. ನಗರದ ನಮ್ಮ ಪುಟ್ಟ ಕೊರಿಯರ್ ಕಚೇರಿಯಲ್ಲಿರುವುದು ಒಂದೇ ಕಂಪ್ಯೂಟರ್. ಬೆಳಿಗ್ಗೆ ನಾನು ಕೂರುತ್ತೇನೆ, ಮಧ್ಯಾಹ್ನದ ಮೇಲೆ ಅವರು.

ಅದು ಶುರುವಾಗುವಷ್ಟರಲ್ಲಿ ಎದುರಿನ ಅಂಗಡಿಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಅಂದು ಬೆಳಿಗ್ಗೆ ರೇಗಿಹೋಗಿ, ಮೊಬೈಲಿನಲ್ಲಿ ವಿಡಿಯೊ ನೋಡುತ್ತಾ, ಆನ್ ಮಾಡಿದೊಡನೆ ತಾವಾಗಿ ಶುರುವಾಗುವ ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸಿದೆ. ನಾನು ಬಳಸದವನ್ನು ಕಿತ್ತೇ ಹಾಕಿದೆ. ಯಂತ್ರ ಚುರುಕಾಯಿತು. ಸುಮಿತ್ರಾ ಬಂದೊಡನೆ, "ಮೇಡಂ, ಈಗ ರಾಕೆಟ್ ಥರ ಓಡುತ್ತೆ!" ಎಂದು ಜಂಬ ಕೊಚ್ಚಿಕೊಂಡೆ.

ಅವರು ಹೆಡ್‌ಫೋನ್ ಹಾಕಿಕೊಂಡು ಕೀಲಿಗಳನ್ನು ಒತ್ತಿ, ವೈರನ್ನು ತಡವಿ, ಕಾದು ಕಾದು ಕೊನೆಗೆ ಹಾಗೆ ಕೇಳಿದ್ದರು. ಪರದೆಯ ಮೇಲಿನದನ್ನು ಅವರಿಗೆ ಓದಿ ಹೇಳುವ ಪ್ರೋಗ್ರಾಂ ಕೂಡ ನಾನು ಕಿತ್ತವುಗಳಲ್ಲಿ ಸೇರಿತ್ತು. ತಡವರಿಸುತ್ತಾ ಒಪ್ಪಿಕೊಂಡೆ. ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ದಿನಾ ಇದೇ ಕುರ್ಚಿಗೆ ಬರ್ತೀನಿ ಸರ್. ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಆ ಪ್ರೋಗ್ರಾಂ ಮತ್ತೆ ಹಾಕಿಕೊಟ್ಟೆ. ಆದರೂ ಅವರ ಮುಖ ನೋಡಲು ನನಗಿನ್ನೂ ಆಗುತ್ತಿಲ್ಲ. ಬೆಳಿಗ್ಗೆ ಆನ್ ಮಾಡಿದೊಡನೆ ಕಂಪ್ಯೂಟರ್ ವಟಗುಟ್ಟುತ್ತದೆ, ಕಿರಿಕಿರಿ ಎಂದು ಇಷ್ಟು ದಿನ ಸ್ಪೀಕರ್ ಬಂದ್ ಮಾಡುತ್ತಿದ್ದವನೂ ನಾನೇ. ಅದು ಯಾರಿಗಾಗಿ ಮಾತಾಡುತ್ತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.