ಗರುಗದ ಕಪ್ಪು

ಹಿತ್ತಲ ಗಿಡ ಮದ್ದಲ್ಲ ಅನ್ನುವವರು ತಮಿಳು ಸೀಮೆಯ ಮಡತ್ತುಕುಳಂನ ನಮ್ಮ ಮನೆಗೆ ಬರಬೇಕಿತ್ತು. ಗದ್ದೆಯ ಕಾಲುವೆ ಬದುವಿನ ಮೇಲೆ ಯಾರೂ ಬಿತ್ತದೆ ಬೆಳೆಯುತ್ತಿದ್ದ ಗರುಗವನ್ನು ಅಮ್ಮ ಯಾವುದಕ್ಕೆ ತಾನೆ ಬಳಸಲಿಲ್ಲ! ಒರಟು ಎಲೆ, ಅಂಗಿ ಗುಂಡಿಗಿಂತ ಚಿಕ್ಕ ಬಿಳಿ ಹೂ. ಅದರ ರಸ ಹಾಕಿ ಕಾಯಿಸಿದ ಎಣ್ಣೆ ನಮ್ಮ ತಲೆಗೆ. ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದ ಬಟ್ಟೆಯನ್ನು ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ಕವುಚಿದ ತಟ್ಟೆಯ ಮಸಿ ಕೆರೆದರೆ ಕೂಸುಗಳ ಕಣ್ಣಿಗೆ ಕಾಡಿಗೆ. ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದೇ: ಕಾಮಾಲೆಯವರಿಗೆ ಅಮ್ಮ ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದ ಮದ್ದೂ ಇದೇ ಸೊಪ್ಪು.

ಮದ್ದಿನ ಹೆಸರು ಹೇಳಿದರೆ ಅದರ ಬಲ ಹೋಗುತ್ತದೆ ಅನ್ನುವುದು ನಮ್ಮವರ ಕಟ್ಟು. ಅತ್ತೆ ಸೊಸೆಗೆ ಹೇಳಬಹುದು, ಮಗಳಿಗೆ ಕೂಡದು. ಮಗಳು ಅದನ್ನು ಬೇರೆ ಮನೆಗೆ ಹೊತ್ತುಕೊಂಡು ಹೋಗುತ್ತಾಳಂತೆ. ಅಮ್ಮ ಬೆಳಗ್ಗೆ ಯಾರೊಡನೆಯೂ ಮಾತಾಡದೆ ಹೋಗಿ ಕಿತ್ತು ತಂದು, ಬಾಗಿಲು ಹಾಕಿಕೊಂಡು ಅರೆಯುತ್ತಿದ್ದಳು. ಅಬ್ಬಬ್ಬಾ, ಎಂಥ ಗುಟ್ಟು! ಗರುಗದ ರಸ ತಾಕಿದ ಕೈ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಎಷ್ಟು ತಿಕ್ಕಿದರೂ ಬೇಗ ಹೋಗದು. ಕಾಮಾಲೆಯವರು ಬಂದುಹೋದ ದಿನವೆಲ್ಲ ಅಮ್ಮನ ಅಂಗೈ ಕಪ್ಪು. ಎಂಟು ವರ್ಷಕ್ಕೇ ನನಗೆ ತಿಳಿದುಹೋಗಿತ್ತು. ಒಮ್ಮೆ ಕೇಳಿದ್ದಕ್ಕೆ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ನಿಂಗ್ಯಾಕೆ ಅಮ್ಮಣಿ ಅದು?" ಅಂದಳು. ನನ್ನನ್ನು ಇನ್ನೂ ಕೊಟ್ಟೇ ಇರಲಿಲ್ಲ. ಆ ಉರಿ ಇವತ್ತಿಗೂ ಆರಿಲ್ಲ.

ಆಮೇಲೆ ಕೊಟ್ಟರು, ಕುರಿಚಿಗೆ, ಎರಕದ ಕಾರ್ಖಾನೆಯಲ್ಲಿ ದುಡಿಯುವವನಿಗೆ. ತಮ್ಮನಿಗೆ ಹೆಣ್ಣು ತಂದರು. ಗುಟ್ಟು ಅವಳಿಗೆ ಸಿಕ್ಕಿತು.

ಎಂಬತ್ತರ ದಶಕದ ನಡುವೆ, ಒಂದು ಮಳೆಗಾಲದಲ್ಲಿ ಅಮ್ಮನಿಗೇ ಕಾಮಾಲೆ ಬಂತು. ತನ್ನ ಕೈಮದ್ದು ತನಗೆ ಹತ್ತುವುದಿಲ್ಲ ಅನ್ನುವುದು ಇನ್ನೊಂದು ಕಟ್ಟು. ಸೊಸೆ ಮದುಕ್ಕರೈಯ ತವರಿನಲ್ಲಿ ಹಸಿ ಬಾಣಂತಿ, ತಿಂಗಳಾಗದೆ ಹೊಸಿಲು ದಾಟುವಂತಿಲ್ಲ. ತಮ್ಮನ ಕಾಗದ ಸಿಕ್ಕಿ ನಾನು ಓಡಿ ಬಂದೆ. ಅಮ್ಮನ ಕಣ್ಣು ಅರಿಸಿನ ಬಳಿದಂತಿತ್ತು. ಆಸ್ಪತ್ರೆಗೆ ಹೋಗೋಣ ಅಂದರೆ, "ಊರಿಗೆಲ್ಲ ಮದ್ದು ಕೊಟ್ಟೋಳು ನಾನು, ಆಸ್ಪತ್ರಿಗೆ ಹೋದ್ರೆ ಜನ ನಗಲ್ವಾ? ಸೊಸೆ ಬರ್ಲಿ" ಅಂದಳು.

ನಾಲ್ಕನೇ ದಿನ ತಡೆಯಲಾಗಲಿಲ್ಲ. ಕಾಲುವೆಗೆ ಹೋಗಿ ಗರುಗ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ ಲೋಟ ಚಾಚಿದೆ. ಅಮ್ಮ ಲೋಟ ನೋಡಲಿಲ್ಲ, ನನ್ನ ಕೈ ನೋಡಿದಳು.

"ಯಾರು ಹೇಳಿದ್ದು ನಿಂಗೆ?"

"ನಿನ್ನ ಕೈಯೇ ಹೇಳ್ತು, ಚಿಕ್ಕೋಳಿದ್ದಾಗ್ಲೇ. ಕುಡಿ ಅಮ್ಮಾ."

"ಕೆಡಿಸ್ಬಿಟ್ಟೆ. ಮನೆ ಮದ್ದು ಕೆಡಿಸ್ಬಿಟ್ಟೆ. ವೇಂಡಾ, ಕೊಂಡೋಗಿ ಸುರಿ" ಅಂದು ಗೋಡೆ ಕಡೆ ತಿರುಗಿಕೊಂಡಳು.

ಸುರಿದೆ. ಕುಡಿದಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಎಚ್ಚರ ತಪ್ಪಿದ ಮೇಲೆ ತಮ್ಮ ಅವಳನ್ನು ಆಸ್ಪತ್ರೆಗೆ ಒಯ್ದ, ಆದರೆ ಹೊತ್ತು ಮೀರಿತ್ತು. ಸುರಿ ಅಂದಿದ್ದೇ ಅವಳು ನನ್ನ ಜೊತೆ ಆಡಿದ ಕೊನೆಯ ಮಾತು.

ತಿಂಗಳು ತುಂಬಿದ ಮೇಲೆ ತಮ್ಮನ ಹೆಂಡತಿ ಕೂಸು ಎತ್ತಿಕೊಂಡು ಬಂದಳು. ನಾನಿನ್ನೂ ಅಲ್ಲೇ ಇದ್ದೆ. ಅದೇ ವಾರ ಪಕ್ಕದ ಊರಿನ ಹೆಂಗಸೊಬ್ಬಳು ಪುಟ್ಟ ಮಗಳನ್ನು ಕರೆದುಕೊಂಡು ಬಂದು, ಕಾಮಾಲೆ ಮದ್ದು ಬೇಕೆಂದು ತಮಿಳಿನಲ್ಲಿ ಕೇಳುತ್ತಾ ಬಾಗಿಲಲ್ಲಿ ನಿಂತಳು. ಹುಡುಗಿಯ ಕಣ್ಣು ಹಳದಿ. ತಮ್ಮನ ಹೆಂಡತಿ ಅಡುಗೆಮನೆಗೆ ಬಂದು ಪಿಸುಗುಟ್ಟಿದಳು.

"ಅಕ್ಕಾ, ಮದ್ವೆ ಹೊಸದ್ರಲ್ಲಿ ಅತ್ತೆ ಒಂದ್ಸಾರಿ ತೋರ್ಸಿದ್ರು. ನಂಗೆ ಮರ್ತೇ ಹೋಯ್ತು. ಅದು ಯಾವ ಸೊಪ್ಪು?"

ಮರೆತಿದ್ದಳು! ಅಮ್ಮ ಯಾರ ದಾರಿ ಕಾಯುತ್ತಾ ಸತ್ತಳೋ ಅವಳು ಮರೆತಿದ್ದಳು.

"ನಂಗೇನು ಗೊತ್ತು? ನಾನು ಕೊಟ್ಟ ಹೆಣ್ಣು" ಅಂದೆ.

ಅವಳು ಹೊರಗೆ ಹೋಗಿ ಮದ್ದಿಲ್ಲ ಅಂದಳು. ಆ ತಾಯಿ ಮಗಳನ್ನು ಸೊಂಟಕ್ಕೇರಿಸಿಕೊಂಡು ಕಾಲುವೆ ಬದುವಿನ ಮೇಲೆ, ಗರುಗವನ್ನು ತುಳಿದುಕೊಂಡೇ ನಡೆದಳು. ಕಿಟಕಿಯಿಂದ ಕಾಣುವಷ್ಟು ದೂರ ನೋಡಿದೆ. ಕೂಗಿ ಕರೆಯಲಿಲ್ಲ.