ಏಳರಿಂದ ಗುಣಿಸದ ಮೇಷ್ಟ್ರು

ಯಲಹಂಕದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದೆ. ಪ್ರತಿವರ್ಷ ಎಂಟನೇ ತರಗತಿಯವರ ಮುಂದೆ ಮೊದಲ ದಿನ ನನ್ನದೊಂದು ಆಟವಿರುತ್ತಿತ್ತು. ಬೋರ್ಡಿನ ಮೇಲೆ 142857 ಎಂದು ಬರೆಯುತ್ತಿದ್ದೆ. ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಅವೇ ಆರು ಅಂಕಿಗಳು, ಅದೇ ಸಾಲು, ಶುರುವಾಗುವ ಜಾಗ ಮಾತ್ರ ಬೇರೆ. ಆರರವರೆಗೂ ಹೀಗೇ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ನನಗೆ ಒಳಗೊಳಗೇ ಜಂಬ. ಇದನ್ನು ಹೇಳಿಕೊಟ್ಟ ಹಿರಿಯ ಮೇಷ್ಟ್ರು ಆರಕ್ಕೇ ನಿಲ್ಲಿಸಿದ್ದರು. ನಾನೂ ಅಲ್ಲಿಂದ ಮುಂದೆ ಹೋಗಿರಲಿಲ್ಲ.

ಒಂದು ವರ್ಷ ಚಪ್ಪಾಳೆಯ ಹುರುಪಿನಲ್ಲಿ, "ಎಷ್ಟರಿಂದ ಬೇಕಾದ್ರೂ ಗುಣಿಸಿ, ಇವೇ ಅಂಕಿ ಬರ್ತವೆ" ಎಂದುಬಿಟ್ಟೆ. ಜಕ್ಕೂರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಏಳರಿಂದ ಗುಣಿಸಿದ್ರೆ ಬರೀ ಒಂಬತ್ತೇ ಬರ್ತಿದೆ."

ಅವಳ ಪುಸ್ತಕ ನೋಡುವ ತಾಳ್ಮೆಯೂ ನನಗಿರಲಿಲ್ಲ. "ದಶಕ ಕೂಡೋದು ಮರೆತಿದೀಯ. ನಾಳೆ ಹತ್ತು ಸಲ ಮಾಡ್ಕೊಂಡ್ ಬಾ" ಎಂದೆ. ಕ್ಲಾಸೆಲ್ಲ ನಕ್ಕಿತು. ಅವಳು ತಲೆ ತಗ್ಗಿಸಿ ಕೂತಳು.

ಮರುದಿನ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟಳು. ಹತ್ತು ಲೆಕ್ಕ, ಹತ್ತಕ್ಕೂ 999999. ಒಂದೊಂದು ದಶಕವನ್ನೂ ಮೇಲೆ ಸಣ್ಣದಾಗಿ ಬರೆದಿದ್ದಳು. ಮನಸ್ಸಿನಲ್ಲೇ ಗುಣಿಸಿ ನೋಡಿದೆ, ಅವಳದೇ ಸರಿ. ನನ್ನದೇ ತಪ್ಪು ಎನ್ನಲು ಅರ್ಧ ನಿಮಿಷ ಸಾಕಿತ್ತು. ಅದನ್ನು ಬಿಟ್ಟು ಕ್ಲಾಸಿನತ್ತ ತಿರುಗಿ, "ನಿನ್ನೆ ಬೇಕಂತಲೇ ತಪ್ಪು ಹೇಳಿದ್ದೆ. ಇಷ್ಟು ಜನರಲ್ಲಿ ಕಂಡುಹಿಡಿದೋಳು ಇವಳೊಬ್ಬಳೇ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳಿಗೂ, ನಾಚಿಕೆಗೆಟ್ಟ ನನಗೂ. ಅವಳು ನಗಲಿಲ್ಲ. ನನ್ನನ್ನೊಮ್ಮೆ ನೋಡಿ ಪುಸ್ತಕ ತೆಗೆದುಕೊಂಡು ಹೋದಳು.

ಆ ನೋಟ ನನ್ನನ್ನು ಬಿಡಲಿಲ್ಲ. ಮುಂದಿನ ವರ್ಷದಿಂದ ಆಟವನ್ನೇ ಕೈಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ, ಬಚಾವಾದೆ.

ಹೋದ ತಿಂಗಳು ಜಕ್ಕೂರು ಕೆರೆ ಏರಿಯ ಮೇಲೆ ಅವಳೇ ಗುರುತು ಹಿಡಿದು ಮಾತಾಡಿಸಿದಳು. ಈಗ ಅವಳೂ ಗಣಿತದ ಟೀಚರಂತೆ. ನಿವೃತ್ತನಾದವನಿಗೆ ಇನ್ನೆಂಥ ಮರ್ಯಾದೆ ಎಂದು ಧೈರ್ಯ ಮಾಡಿ ಹೇಳಿದೆ: "ಅವತ್ತು ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಕಣಮ್ಮ."

"ಗೊತ್ತು ಸರ್" ಎಂದಳು. "ಬೇಕಂತ ತಪ್ಪು ಹೇಳೋರು ಹತ್ತು ಸಲ ಬರೆಸ್ತಾರಾ?"

"ಮತ್ತೆ ಯಾಕಮ್ಮ ಆಗ್ಲೇ ಹೇಳ್ಲಿಲ್ಲ?"

"ಅಷ್ಟು ಹುಡುಗರ ಮುಂದೆ ನಿಮಗೆ ಅವಮಾನ ಆಗತ್ತಲ್ಲ ಸರ್, ಅದಕ್ಕೇ ಸುಮ್ನಿದ್ದೆ."

ಆಗ ಅವಳಿಗೆ ಹದಿಮೂರು ವರ್ಷ. ನಾನು ನಲವತ್ತು ದಾಟಿದ್ದೆ.