ವರ್ಲಿನ್ ಗಿಡ್ರಿಯ ಸೀಮೆ

ಭತ್ತದ ಗದ್ದೆಗಳು ಮುಗಿದು ಎಣ್ಣೆ ಕಾರ್ಖಾನೆಗಳ ಚಿಮಣಿಗಳು ಶುರುವಾಗುವ ದಕ್ಷಿಣ ಲೂಸಿಯಾನಾದ ಆ ಪಟ್ಟಿಯಲ್ಲಿ ವರ್ಲಿನ್ ಗಿಡ್ರಿಯ ಕಾರು ಕಂಡರೆ ಸಾಕು, ಜಗಲಿಯಲ್ಲಿ ಕೂತವರು ಒಳಗೆ ಕೂಗಿ ಹೇಳುತ್ತಿದ್ದರು: "ಲೇ, ಹ್ಯಾಡ್ಲಿ ಕೋಚ್ ಬಂದ್ರು, ಒಲೆ ಮೇಲೆ ಏನಿದೆ ನೋಡು!"

ಹ್ಯಾಡ್ಲಿ ಕಾಲೇಜು ಇದ್ದದ್ದು ಬಹಳ ಉತ್ತರಕ್ಕೆ, ಪೈನ್ ಕಾಡಿನ ನಡುವೆ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟ ದಾಟಿದ ಮೇಲೆ ಸಿಗುವ ದೂರದಲ್ಲಿ. ಅದರ ಫುಟ್‌ಬಾಲ್ ತಂಡಕ್ಕೆ ಹೈಸ್ಕೂಲು ಹುಡುಗರನ್ನು ಹುಡುಕಿ, ಮನೆಯವರನ್ನು ಒಪ್ಪಿಸಿ ಕರೆತರುವುದು ವರ್ಲಿನ್‌ನ ಕೆಲಸ. ಒಬ್ಬೊಬ್ಬ ಕೋಚ್‌ಗೆ ಒಂದೊಂದು ಸೀಮೆ. ಇದು ಅವನದು. ಅವನೂ ಇಲ್ಲೇ ಸೀಗಡಿ ದೋಣಿಯವನ ಮಗನಾಗಿ ಹುಟ್ಟಿ, ಹದಿನೆಂಟಕ್ಕೆ ಹ್ಯಾಡ್ಲಿಗೆ ಹೋಗಿ ಆಡಿ, ಮೊಣಕಾಲು ಮುರಿದುಕೊಂಡು ಅಲ್ಲೇ ಕೋಚ್ ಆಗಿ ನಿಂತವನು.

ಕಾಲೇಜು ದೂರವಾದರೂ ತಾಯಂದಿರು ಅವನಿಗೆ ಮಕ್ಕಳನ್ನು ಒಪ್ಪಿಸುತ್ತಿದ್ದುದಕ್ಕೆ ಕಾರಣವಿತ್ತು. ಹ್ಯಾಡ್ಲಿ ಸೇರಿದ್ದ ಕಾಲೇಜುಗಳ ಕೂಟದಲ್ಲಿ ಮೂರು ಕಾಲೇಜುಗಳು ಈ ಸೀಮೆಯ ಆಸುಪಾಸಿನಲ್ಲೇ ಇದ್ದವು. ಕೂಟದವರು ಪ್ರತಿವರ್ಷ ಒಬ್ಬರೊಡನೊಬ್ಬರು ಆಡಲೇಬೇಕು. ಹಾಗಾಗಿ ಮಗ ದೂರ ಓದಿದರೂ ಆಡಲು ಮನೆ ಬಾಗಿಲಿಗೇ ಬರುತ್ತಿದ್ದ. ವರ್ಲಿನ್ ಮಾರುತ್ತಿದ್ದ ಸರಕು ಇದೊಂದೇ, ಮತ್ತು ಅದು ಅಪ್ಪಟ ಸರಕು.

ಆ ವರ್ಷ ನವೆಂಬರಿನ ಒಂದು ಸೋಮವಾರ ಕ್ರೀಡಾ ನಿರ್ದೇಶಕ ಕೀನ್ ಕೋಚ್‌ಗಳನ್ನೆಲ್ಲ ಒಳಗೆ ಕೂರಿಸಿ ಬಾಗಿಲು ಹಾಕಿಸಿದ. ಪಶ್ಚಿಮದ ಬೆಟ್ಟಸೀಮೆಯ ದೊಡ್ಡ ಕೂಟವೊಂದು ಹ್ಯಾಡ್ಲಿಯನ್ನು ಕರೆದಿತ್ತು. ಮಾತುಕತೆ ಮುಗಿದಂತೆಯೇ. ಆಡಳಿತ ಮಂಡಳಿ ಜನವರಿಯಲ್ಲಿ ಕೈ ಎತ್ತಿ ಒಪ್ಪಿಗೆ ಕೊಡುವುದಷ್ಟೇ ಬಾಕಿ.

"ಡಿಸೆಂಬರಲ್ಲಿ ಹುಡುಗರು ನಮ್ಮಲ್ಲೇ ಸೇರ್ತೀವಿ ಅಂತ ಸಹಿ ಹಾಕೋವರೆಗೂ ಯಾರೂ ಬಾಯಿ ಬಿಡಬಾರದು," ಎಂದ ಕೀನ್.

"ನನ್ನ ಸೀಮೆ ತಾಯಂದಿರಿಗೆ ನಾನೇನು ಹೇಳ್ಲಿ?" ಎಂದು ವರ್ಲಿನ್ ಕೇಳಿದ.

"ಪ್ರತಿ ವರ್ಷ ಏನು ಹೇಳ್ತೀಯೋ ಅದನ್ನೇ ಹೇಳು. ನಿನಗೆ ಹೇಳಿಕೊಡಬೇಕಾ, ವರ್ಲಿನ್?"

ಉಳಿದವರು ನಕ್ಕರು. ಹೊರಗೆ ಬಂದಾಗ ಮುಖ್ಯ ಕೋಚ್ ಅವನ ಹೆಗಲ ಮೇಲೆ ಕೈ ಹಾಕಿ, ಲವರ್ನ್ ಮನೆಯ ಹುಡುಗ ಈ ವರ್ಷ ಬರಲೇಬೇಕು, ಅವನು ಬರದಿದ್ದರೆ ನಮ್ಮಿಬ್ಬರಿಗೂ ಕಷ್ಟ ಎಂದ. ಗದರಿದ ಹಾಗಿರಲಿಲ್ಲ. ಅದೇ ವರ್ಲಿನ್‌ಗೆ ಹೆಚ್ಚು ಭಯ ಹುಟ್ಟಿಸಿತು.

ಅವನ ಹೆಂಡತಿ ನಡೀನ್‌ಗೆ ಕೀಲು, ಮೂತ್ರಪಿಂಡಗಳನ್ನೆಲ್ಲ ಕಾಡುವ ಕಾಯಿಲೆ. ಔಷಧಿಯೆಲ್ಲ ಕಾಲೇಜಿನ ವಿಮೆಯ ಮೇಲೆ ನಡೆಯುತ್ತಿತ್ತು. ಕೆಲಸ ಬಿಟ್ಟರೆ ಅದೂ ಹೋಗುತ್ತದೆ. ಐವತ್ತು ದಾಟಿದವನನ್ನು ಬೇರೆ ಯಾವ ಕಾಲೇಜು ಕರೆಯುತ್ತದೆ? ಅವನು ಏನೂ ಹೇಳದಿದ್ದರೂ ನಡೀನ್ ಮುಖ ನೋಡಿಯೇ ಕೇಳಿದಳು: "ಏನ್ರೀ, ಬೋನಿಗೆ ಬಿದ್ದ ನರಿ ಹಾಗೆ ಅಡುಗೆಮನೆ ಸುತ್ತುತ್ತಾ ಇದ್ದೀರಿ?"

ಅವನು ಎಲ್ಲವನ್ನೂ ಹೇಳಿದ. ಅವಳು ಮುಂದಿದ್ದ ಬೀನ್ಸ್ ಎಲ್ಲ ಬಿಡಿಸಿ ಮುಗಿಸಿದಳು.

"ನನ್ನ ಕಾಯಿಲೆ ಮುಂದಿಟ್ಕೊಂಡು ಸುಳ್ಳು ಹೇಳ್ಬೇಡಿ," ಎಂದಳು ಕೊನೆಗೆ. "ಹೇಳೋದೇ ಆದ್ರೆ ನಿಮಗೋಸ್ಕರ ಹೇಳಿ."

ಆ ವಾರವೇ ಅವನು ಲವರ್ನ್ ಮನೆಗೆ ಹೋದ. ಓಡೆಸ್ಸಾ ಲವರ್ನ್ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದವಳು. ಮೂತ್ರಪಿಂಡ ಕೈಕೊಟ್ಟ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಕೂರುತ್ತಿದ್ದಳು. ಶನಿವಾರ ಅವಳದು. ಶನಿವಾರವೇ ಕಾಲೇಜು ಫುಟ್‌ಬಾಲ್ ದಿನ. ಆದರೆ ಹೆಚ್ಚು ದೂರ ಕಾರಿನಲ್ಲಿ ಕೂರಲು ಅವಳ ಕೈಲಾಗುತ್ತಿರಲಿಲ್ಲ. ಅವಳ ಮಗ ಜರೆಲ್ ಬಾಗಿಲ ಚೌಕಟ್ಟು ತುಂಬುವಂಥ ಹುಡುಗ, ಮಾತು ಕಡಿಮೆ. ಮೇಜಿನ ಆ ಕಡೆ ಅವಳ ಅಣ್ಣ ಆಲ್ಸೀಡ್ ಕೂತಿದ್ದ.

ಅನ್ನದ ಮೇಲೆ ಗಂಬೋ ಸಾರು ಬಡಿಸಿದ ಕೂಡಲೇ ಆಲ್ಸೀಡ್ ಶುರು ಮಾಡಿದ.

"ರೇಡಿಯೋದಲ್ಲಿ ಏನೇನೋ ಅಂತಾರಲ್ಲ ಕೋಚ್, ನಿಮ್ಮೋರು ಕೂಟ ಬಿಟ್ಟು ಬೆಟ್ಟದ ಕಡೆ ಹೋಗ್ತಾರಂತೆ?"

"ರೇಡಿಯೋದೋರಿಗೆ ದಿನಾ ಏನಾದ್ರೂ ಬೇಕಲ್ಲ," ಎಂದ ವರ್ಲಿನ್.

"ಹೋದ್ರೆ ಹಾಳಾಗ್ತೀರಿ, ನೋಡ್ತಿರಿ. ಅಲ್ಲಿ ಯಾರಿದ್ದಾರೆ ನಮಗೆ? ಇಲ್ಲಾದ್ರೆ ಎದುರಾಳಿ ಊರಿನೋನು ಗ್ಯಾರೇಜಲ್ಲಿ ಸಿಗ್ತಾನೆ, ಚರ್ಚಲ್ಲಿ ಸಿಗ್ತಾನೆ, ಸೋತ್ರೆ ವರ್ಷವಿಡೀ ಆಡ್ಕೋತಾನೆ. ಬೈಯೋಕೂ ಒಬ್ಬ ನೆರೆಯೋನು ಬೇಕು ಕಣಯ್ಯಾ! ಹಿಮದಲ್ಲಿ ಇರೋರನ್ನ ಹೆಂಗೆ ಬೈಯೋದು? ಹೆಸರೇ ಗೊತ್ತಿಲ್ಲ."

"ಟಿವಿಯೋರು ಅಲ್ಲಿ ಹೆಚ್ಚು ತೋರಿಸ್ತಾರೆ ಮಾವ," ಎಂದ ಜರೆಲ್ ಮೆಲ್ಲಗೆ.

"ತೋರಿಸ್ತಾರೆ, ಅಲ್ಲಿ ಗಡಿಯಾರವೇ ಹಿಂದೆ, ಇಲ್ಲಿ ನಾವು ಮಲಗಿದ ಮೇಲೆ!"

ಓಡೆಸ್ಸಾ ನಗಲಿಲ್ಲ. ಚಮಚ ಕೆಳಗಿಟ್ಟು ವರ್ಲಿನ್‌ನನ್ನೇ ನೋಡಿದಳು.

"ನೀವು ಹೇಳಿ ಕೋಚ್. ನಿಮ್ಮ ತಾಯಿ ಮಾಡಿದ ಕೇಕನ್ನ ನಮ್ಮಮ್ಮ ತಿಂದಿದ್ದಾಳೆ. ನನ್ನ ಮಗ ಇಲ್ಲಿಗೆ ಬಂದು ಆಡ್ತಾನಾ, ಇಲ್ವಾ? ನಾನು ಕೇಳ್ತಿರೋದು ಅಷ್ಟೇ."

ವರ್ಲಿನ್ ಆಚೆ ನೋಡಿದ. ಕಿಟಕಿಯಾಚೆ ಅವನ ಕಾರು ನಿಂತಿತ್ತು, ಅದರ ಬಾಗಿಲ ಮೇಲೆ ಹ್ಯಾಡ್ಲಿಯ ಕೆಂಪು ಅಕ್ಷರ. ಎದ್ದು ಹೋಗಿಬಿಡೋಣ ಅನ್ನಿಸಿತು. ಎದ್ದು ಹೋದರೂ ಅದೇ ಉತ್ತರವಾಗುತ್ತದೆ ಎಂದೂ ಅನ್ನಿಸಿತು.

"ನನಗೆ ಗೊತ್ತಿರೋ ಹಾಗೆ ಎಲ್ಲ ಮುಂಚಿನ ಹಾಗೇನೇ, ಮಿಸ್ ಓಡೆಸ್ಸಾ," ಎಂದ.

"ಸರಿ ಹಾಗಾದ್ರೆ," ಎಂದು ಅವಳು ಅವನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದಳು. ಅದನ್ನೂ ಅವನು ತಿನ್ನಬೇಕಾಯಿತು.

ಡಿಸೆಂಬರಿನಲ್ಲಿ ಜರೆಲ್ ಸಹಿ ಹಾಕಿದ. ಜನವರಿಯಲ್ಲಿ ಹ್ಯಾಡ್ಲಿ ಕೂಟ ಬಿಟ್ಟ ಸುದ್ದಿ ಎಲ್ಲ ಟಿವಿಯಲ್ಲೂ ಬಂತು. ಕೀನ್ ಹೊಸ ಕೂಟದ ಟೋಪಿ ಹಾಕಿಕೊಂಡು ನಗುತ್ತಿದ್ದ. ಅವನ ಹಿಂದೆ ಸಾಲಾಗಿ ನಿಂತ ಕೋಚ್‌ಗಳಲ್ಲಿ ವರ್ಲಿನ್ ಕೂಡ ಅದೇ ಟೋಪಿ ಹಾಕಿದ್ದ.

ಯಾರೂ ಹೇಳದೆಯೇ ಮರುದಿನ ಅವನು ಓಡೆಸ್ಸಾಳ ಮನೆಗೆ ಹೊರಟ. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ: ಹುಡುಗನನ್ನು ಸಹಿಯಿಂದ ಬಿಡಿಸುವುದು. ಮುಖ್ಯ ಕೋಚ್‌ನ ಕಾಲು ಹಿಡಿದಾದರೂ ಸರಿ, ಹತ್ತಿರದ ಕಾಲೇಜಿಗೆ ಸೇರಿಸುವುದು. ಕೆಲಸ ಹೋದರೆ ಆಮೇಲೆ ನೋಡಿಕೊಳ್ಳುವುದು. ಬಹಳ ದಿನಗಳ ಮೇಲೆ ಎದೆ ಸ್ವಲ್ಪ ಹಗುರಾಗಿತ್ತು.

ಜಗಲಿಯಲ್ಲಿದ್ದ ಆಲ್ಸೀಡ್ ಅವನನ್ನು ಕಂಡು ಎದ್ದು ಒಳಗೆ ಹೋದ. ಓಡೆಸ್ಸಾ ಬಾಗಿಲಲ್ಲೇ ನಿಂತಳು. ಅವನು ತಂದ ಮಾತನ್ನೆಲ್ಲ ಕೇಳಿದಳು.

"ನಿಮಗೆ ಆವತ್ತೇ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ಕಾಲೇಜನ್ನ ಕೇಳಿದ್ರೆ ಸುಳ್ಳು ಹೇಳುತ್ತೆ ಅಂತ ನನಗೂ ಗೊತ್ತು. ಅದಕ್ಕೇ ನಿಮ್ಮನ್ನ ಕೇಳಿದ್ದು." ಆಮೇಲೆ ಒಳಗೆ ತಿರುಗಿ ಕೂಗಿದಳು: "ಜರೆಲ್! ಬಾ ಇಲ್ಲಿ. ಕೋಚ್ ನಿನ್ನ ಬಿಡಿಸ್ತಾರಂತೆ."

ಜರೆಲ್ ಬಂದು ನಿಂತ. ತಾಯಿಯ ಮುಖ ನೋಡಿದ, ನೆಲ ನೋಡಿದ.

"ನಂಗೆ ಬೇಡ ಅಮ್ಮ."

"ಏನು ಬೇಡ?"

"ಬಿಡಿಸೋದು. ನಾನು ಇನ್ನೂ ವಿಮಾನ ಹತ್ತಿಲ್ಲ. ಹಿಮ ನೋಡಿಲ್ಲ. ನಾನು ಹೋಗ್ತೀನಿ." ಅವನಿಗೆ ಮುಖದ ಖುಷಿ ಅಡಗಿಸಲಾಗುತ್ತಿರಲಿಲ್ಲ.

ಓಡೆಸ್ಸಾ ಮಗನ ತೋಳನ್ನು ಒಮ್ಮೆ ತಟ್ಟಿ, ವರ್ಲಿನ್ ಕಡೆ ನೋಡದೆ ಬಾಗಿಲು ಮುಂದೆ ಮಾಡಿದಳು. ವರ್ಲಿನ್ ಸರಿಮಾಡಬೇಕೆಂದು ಬಂದದ್ದು ಸರಿಯಾಗದೆ ಅವನ ಕೈಯಲ್ಲೇ ಉಳಿಯಿತು. ಹುಡುಗ ಸುಖವಾಗಿರುತ್ತಾನೆ, ಕೀನ್ ಹೇಳಿದ್ದೇ ನಡೆಯುತ್ತದೆ, ತಪ್ಪು ಮಾತ್ರ ತಪ್ಪಾಗಿಯೇ ಇರುತ್ತದೆ.

ಮುಂದಿನ ವರ್ಷ ಆ ಸೀಮೆಯಲ್ಲಿ ಅವನಿಗೆ ಒಂದು ಮನೆಯೂ ಒಲಿಯಲಿಲ್ಲ. ಹೈಸ್ಕೂಲು ಕೋಚ್‌ಗಳು ಕೈಕುಲುಕಿ, ತುರ್ತು ಕೆಲಸವಿದೆ ಎಂದು ಜಾರಿಕೊಂಡರು. ಜರೆಲ್ ಚೆನ್ನಾಗಿ ಆಡಿದ. ಬೆಟ್ಟಸೀಮೆಯ ಆಟಗಳು ಶುರುವಾಗುವ ಹೊತ್ತಿಗೆ ಓಡೆಸ್ಸಾಳ ಊರಿನಲ್ಲಿ ದೀಪಗಳು ಆರಿರುತ್ತಿದ್ದವು. ಅವಳು ಮಗನ ಆಟವನ್ನು ಸೋಮವಾರ ಯಂತ್ರದ ಪಕ್ಕ ಕೂತು ಫೋನಿನಲ್ಲಿ ನೋಡುತ್ತಾಳೆಂದು ಹುಡುಗನೇ ಒಮ್ಮೆ ವರ್ಲಿನ್‌ಗೆ ಹೇಳಿದ. ಅದರಲ್ಲಿ ದೂರೇನೂ ಇರಲಿಲ್ಲ.

"ಅಲ್ಲಿಂದ ಇನ್ನೇನೂ ಬರಲ್ಲ," ಎಂದು ಕೀನ್ ಅವನಿಗೆ ಹೊಸ ಸೀಮೆ ಕೊಟ್ಟ: ಪಶ್ಚಿಮದ ಒಣ ಬೆಟ್ಟಗಳ ಊರುಗಳು. ನಡೀನ್ ಅವನ ಪೆಟ್ಟಿಗೆಗೆ ದಪ್ಪ ಕೋಟು ತುಂಬಿದಳು. "ಬೇಡ ಅಂದ್ಬಿಡಲಾ?" ಎಂದು ಅವನು ಕೇಳಿದ. ಅವಳು ತನ್ನ ಊದಿದ ಬೆರಳುಗಳನ್ನು ನೋಡಿಕೊಂಡು ಪೆಟ್ಟಿಗೆ ಮುಚ್ಚಿದಳು.

ಅಲ್ಲಿನ ಮೊದಲ ಮನೆಯಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕುಡಿಯಲು ಬಾಟಲಿ ನೀರು ಕೊಟ್ಟರು. ಹುಡುಗನ ಅಪ್ಪ ಟಾಡ್ ಎಂಬವನು ಕುರಿ ಸಾಕುವವ, ಬೂಟು ಬಿಚ್ಚದೆ ಕೂತಿದ್ದ.

"ನಿಮ್ಮ ಕಾಲೇಜು ನಮ್ಮ ಕೂಟದಲ್ಲಿ ಎಷ್ಟು ದಿನ ಇರುತ್ತೆ?" ಎಂದು ಕೇಳಿದ.

ವರ್ಲಿನ್ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ.

"ನನಗೆ ಗೊತ್ತಿಲ್ಲ," ಎಂದ. "ಗೊತ್ತಾದ್ರೂ ನಿಮಗೆ ಹೇಳೋಕೆ ಬಿಡಲ್ಲ."

ಟಾಡ್ ತೊಡೆ ತಟ್ಟಿಕೊಂಡು ನಕ್ಕ. "ಭಲೇ ತಮಾಷೆ ಮನುಷ್ಯ ಕಣೇ ಇವನು!" ಎಂದು ಹೆಂಡತಿಗೆ ಹೇಳಿ, ಮಗನನ್ನು ಕರೆಯಲು ಕೊಟ್ಟಿಗೆಯ ಕಡೆ ನಡೆದ.